ಬ್ಯಾಕಪ್ಪನ ಹಳೇ ಕಾಪಿ

ನನ್ನ ಗಂಡನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಈಗ ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದಿದೆ. ಬೀದಿಯಲ್ಲಿ, ಅಂಗಡಿಯಲ್ಲಿ, ಕೊನೆಗೆ ನನ್ನ ತವರಿನಲ್ಲೂ ಅವರು ಬ್ಯಾಕಪ್ಪ. ಕಂಪ್ಯೂಟರ್ ರಿಪೇರಿ ಅವರ ಕಸುಬು. ಕೆಟ್ಟ ಯಂತ್ರ ಹೊತ್ತುಕೊಂಡು ಯಾರೇ ಬರಲಿ, ಏನಾಗಿದೆ ಎಂದು ಕೇಳುವುದಕ್ಕೆ ಮೊದಲು ಬ್ಯಾಕಪ್ ಇದೆಯಾ ಎಂದು ಕೇಳುತ್ತಾರೆ. ಇಲ್ಲ ಎಂದವರನ್ನು ಹಲ್ಲುಜ್ಜದೆ ಬಂದವರ ಹಾಗೆ ನೋಡುತ್ತಾರೆ. ಪಕ್ಕದ ಝೆರಾಕ್ಸ್ ಅಂಗಡಿಯವನು ಈ ಪ್ರಶ್ನೆಯನ್ನು ಕೇಳೀ ಕೇಳೀ ರೋಸಿಹೋಗಿ ಆ ಹೆಸರಿಟ್ಟ. ಹೆಸರು ಬೀದಿಗೆಲ್ಲ ಹಿಡಿಸಿತು. ಇವರಿಗೂ ಹಿಡಿಸಿತು ಎನ್ನುವುದು ನನ್ನ ಕರ್ಮ.

ಮನೆ ಬೀಗಕ್ಕೆ ಎಷ್ಟು ಕೀ ಮಾಡಿಸಿದ್ದಾರೋ ನನಗೂ ಲೆಕ್ಕವಿಲ್ಲ. ಕನ್ನಡಕ ಒಂದು ಮೂಗಿನ ಮೇಲೆ, ಒಂದು ಸ್ಕೂಟರಿನ ಡಿಕ್ಕಿಯಲ್ಲಿ, ಒಂದು ಅಂಗಡಿಯ ಮೇಜಿನೊಳಗೆ. ಮದುವೆ ಫೋಟೋಗಳ ಕಾಪಿ ನನ್ನ ಅಣ್ಣನ ಮನೆಯಲ್ಲೂ ಇದೆ, ನಮ್ಮ ಮನೆ ಸುಟ್ಟುಹೋದರೆ ಬೇಕಾಗುತ್ತದಂತೆ. ನನ್ನದೊಂದು ಕಾಪಿ ಮಾಡಿಟ್ಟುಕೊಂಡಿಲ್ಲವಲ್ಲ, ಅಷ್ಟೇ ಸಮಾಧಾನ ಎಂದು ನಾನು ತಮಾಷೆ ಮಾಡುತ್ತಿದ್ದೆ. ಈಗ ತಮಾಷೆ ಮಾಡುವುದಿಲ್ಲ. ಈಗ ನನಗೆ ಅವರ ಮೇಲೆ ಇರುವುದು ಸಿಟ್ಟು. ಅದನ್ನು ಮುಚ್ಚಿಟ್ಟುಕೊಂಡು ಅವರ ಕಥೆ ಹೇಳಲು ನನ್ನಿಂದಾಗದು.

ಅವರ ಕೆಲಸದಲ್ಲಿ ರಿಜಿಸ್ಟ್ರಿ ಎಂಬುದೊಂದಿದೆ. ಯಾವ ಪ್ರೋಗ್ರಾಮು ಹೇಗೆ ನಡೆಯಬೇಕು, ಯಾವ ಕೀ ಒತ್ತಿದರೆ ಏನಾಗಬೇಕು, ಪರದೆಯ ಬಣ್ಣ ಯಾವುದು, ಪ್ರಿಂಟರು ಎಲ್ಲಿದೆ, ಇಂಥ ಎಲ್ಲ ಏರ್ಪಾಟುಗಳನ್ನೂ ಕಂಪ್ಯೂಟರು ತನ್ನೊಳಗೆ ಒಂದೇ ಕಡೆ ಬರೆದಿಟ್ಟುಕೊಳ್ಳುತ್ತದಂತೆ. ಅದು ಕೆಟ್ಟರೆ ಯಂತ್ರ ಗರಬಡಿದಂತೆ ಕೂತುಬಿಡುತ್ತದೆ. ಗಿರಾಕಿಗಳಿಗೆ ಇದನ್ನು ಅರ್ಥಮಾಡಿಸಲು ಇವರು ಸತ್ತುಹೋದ ನನ್ನ ಅತ್ತೆಯವರನ್ನು ಎಳೆದುತರುತ್ತಾರೆ. ಅಡುಗೆಮನೆಯ ಡಬ್ಬಗಳ ಮೇಲೆ ನಮ್ಮಮ್ಮ ಏನೂ ಬರೀತಿರಲಿಲ್ಲ, ಯಾವುದರಲ್ಲಿ ಏನಿದೆ ಅಂತ ಅವಳಿಗೊಬ್ಬಳಿಗೇ ಗೊತ್ತಿತ್ತು, ಅವಳು ಹೋದ ಮೇಲೆ ಡಬ್ಬಗಳೆಲ್ಲ ಇದ್ದಲ್ಲೇ ಇದ್ದವು, ನನ್ನ ಹೆಂಡತಿ ಉಪ್ಪಿಗಾಗಿ ಎಲ್ಲ ಮುಚ್ಚಳ ತೆಗೆದಳು ಎಂದು ಶುರುಮಾಡಿದರೆ ಗಿರಾಕಿ ನಗಲೇಬೇಕು. ಆ ಕಥೆಯಲ್ಲಿ ದಡ್ಡಿ ಯಾವಾಗಲೂ ನಾನೇ.

ರಿಜಿಸ್ಟ್ರಿ ಮುಟ್ಟುವಾಗ ಅವರದೊಂದು ಕ್ರಮವಿದೆ. ಹಳೆಯ ಒಳ್ಳೆಯ ಕಾಪಿ ಕೈಯಲ್ಲಿದ್ದರೂ ಅದನ್ನು ತಕ್ಷಣ ಹಾಕುವುದಿಲ್ಲ. ಕಾಪಿ ತೆಗೆದ ಮೇಲೆ ಹೊಸದಾಗಿ ಏನೇನು ಮಾಡಿಕೊಂಡಿದ್ದೀರಿ ಎಂದು ಗಿರಾಕಿಯನ್ನು ಕೂರಿಸಿಕೊಂಡು ವಿಚಾರಿಸುತ್ತಾರೆ, ಯಾಕೆಂದರೆ ಹಳೆಯದನ್ನು ತಂದು ಕೂರಿಸಿದರೆ ಅದರ ನಂತರದ್ದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಕೆಟ್ಟುಹೋಗಿರುವ ರಿಜಿಸ್ಟ್ರಿಯನ್ನೇ ಜೋಪಾನವಾಗಿ ಬೇರೆ ಕಡೆ ಎತ್ತಿಡುತ್ತಾರೆ. ಕೆಟ್ಟದ್ದನ್ನು ಎತ್ತಿಟ್ಟರೆ ನಾಳೆ ಅದರಿಂದಲೂ ಏನಾದರೂ ಹೆಕ್ಕಬಹುದು ಎನ್ನುವುದು ಅವರ ಲೆಕ್ಕಾಚಾರ. ಇಷ್ಟಾದ ಮೇಲೆಯೇ ಹಳೆಯ ಕಾಪಿ ಒಳಗೆ ಹೋಗುವುದು. ಗಿರಾಕಿ ಎಷ್ಟೇ ಅವಸರ ಮಾಡಲಿ, ಈ ಕ್ರಮ ತಪ್ಪುತ್ತಿರಲಿಲ್ಲ.

ಇದೆಲ್ಲ ಅಂಗಡಿಯಲ್ಲಿ. ಮನೆಯ ಕೆಲಸವೆಂದರೆ ಅವರಿಗೆ ಅಷ್ಟಕ್ಕಷ್ಟೇ. ನಮ್ಮ ಬಚ್ಚಲಿನ ನಲ್ಲಿ ತೊಟ್ಟಿಕ್ಕಲು ಶುರುವಾಗಿ ವರ್ಷಗಳೇ ಆದವು. ನನ್ನ ಫೋನು ಸತ್ತಾಗ ಅದರೊಳಗಿನ ಒಂದೇ ಒಂದು ಚಿತ್ರವೂ ಉಳಿಯಲಿಲ್ಲ. ಹೊರಗಿನವರಿಗೆ ಕಟ್ಟುನಿಟ್ಟು, ಮನೆಯವರಿಗೆ ನಾಳೆ. ಇದು ನಮ್ಮವರೊಬ್ಬರ ಗುಣವಲ್ಲ ಎಂದು ಬೇರೆ ಹೆಂಗಸರು ಹೇಳುತ್ತಾರೆ. ಇರಬಹುದು. ಆದರೆ ಬೇರೆಯವರ ಮನೆಯಲ್ಲಿ ಅದರಿಂದ ನಲ್ಲಿ ಸೋರುತ್ತದೆ, ಅಷ್ಟೆ.

ಇವರಿಗೊಬ್ಬಳು ಅಕ್ಕ, ನನಗೆ ಅತ್ತಿಗೆ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದಾರೆ. ಅವರ ಮುಖ ಊರಿನಲ್ಲಿ ಯಾರಿಗೂ ಅಷ್ಟು ಪರಿಚಯವಿಲ್ಲ, ಧ್ವನಿ ಮಾತ್ರ ಎಲ್ಲರಿಗೂ ಗೊತ್ತು. ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಯಾವ ಅಂಕಣಕ್ಕೆ ಬಂತು, ಯಾವುದು ತಡ, ಯಾವ ಮಗು ತಾಯಿಯಿಂದ ತಪ್ಪಿಸಿಕೊಂಡಿದೆ ಎಂದು ಹೇಳುತ್ತಿದ್ದವರು ಅವರು. ಮೊದಲೆಲ್ಲ ಬಾಯಿಂದಲೇ ಹೇಳುತ್ತಿದ್ದರು. ಆಮೇಲೆ ನಿಲ್ದಾಣಕ್ಕೆ ಕಂಪ್ಯೂಟರು ಬಂತು. ಅವರ ಧ್ವನಿಯಲ್ಲಿ ಒಂದೊಂದೇ ಪದ, ಒಂದೊಂದೇ ತುಂಡು ರೆಕಾರ್ಡ್ ಮಾಡಿಸಿದರು. ಅವನ್ನು ಬೇಕಾದ ಹಾಗೆ ಜೋಡಿಸಿ ಒಂದು ಕೀಗೆ ಕಟ್ಟಿಹಾಕಿದರೆ, ಆ ಕೀ ಒತ್ತಿದಾಗ ಪೂರ್ತಿ ವಾಕ್ಯ ಹೊರಡುತ್ತಿತ್ತು. ಜೋಡಿಸುವ ಕೆಲಸವನ್ನೂ ಅತ್ತಿಗೆಯೇ ಕಲಿತುಕೊಂಡರು. ತಮ್ಮನನ್ನು ಕೇಳಲಿಲ್ಲ, ತಮ್ಮನೂ ಅದೇನು ಮಾಡುತ್ತೀ ಎಂದು ವಿಚಾರಿಸಲಿಲ್ಲ.

ಮೈಕಿನಲ್ಲಿ ಸಕ್ಕರೆಯಂಥ ಮಾತು, ಮನೆಯಲ್ಲಿ ಮೆಣಸಿನಕಾಯಿ. ಅತ್ತಿಗೆಯ ನಾಲಿಗೆಗೆ ಹೆದರದವರು ನಮ್ಮ ಕಡೆ ಇರಲಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಅಡುಗೆ ತಿಂದು, ಆಸ್ಪತ್ರೆ ಹತ್ತಿರದಲ್ಲೇ ಇದೆ ಎಂದಿದ್ದರು. ಆದರೆ ಅವರ ಆ ನಾಲಿಗೆ ನಿಜವಾಗಿ ಕುಯ್ದದ್ದು ಸ್ವಂತ ಮಗಳನ್ನು. ಪುಟ್ಟಿ ಎಂದು ನಾವೆಲ್ಲ ಕರೆಯುವ ಆ ಹುಡುಗಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ತಾನೇ ಮೆಚ್ಚಿದವನನ್ನು ಮದುವೆಯಾದಳು. ಅತ್ತಿಗೆಗೆ ಅದು ಸರಿಬರಲಿಲ್ಲ. ಆದರೂ ಮುಖ ತಿರುಗಿಸಿಕೊಂಡು ಹೇಗೋ ನಡೆದಿತ್ತು. ತುಂಬು ಬಸುರಿಯಾಗಿದ್ದಾಗ ಪುಟ್ಟಿಯ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಆಸ್ಪತ್ರೆಯ ಮಂಚದಿಂದ ಅವಳು ಅಮ್ಮನಿಗೆ ಫೋನು ಮಾಡಿ ಅತ್ತಳು. ನಾನು ಅತ್ತಿಗೆಯ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ. ಅತ್ತಿಗೆ ಪೂರ್ತಿ ಕೇಳಿಸಿಕೊಂಡರು, ಆಮೇಲೆ ಹೇಳಿದರು:

"ನನ್ನ ಮಾತು ಮೀರಿ ಹೋದವಳಿಗೆ ಹೀಗೇ ಆಗ್ಬೇಕು."

ಹೇಳಿದ ಗಳಿಗೆಯಲ್ಲೇ ಅವರ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಪುಟ್ಟಿ ಫೋನು ಇಟ್ಟಾಗಿತ್ತು. ಮತ್ತೆ ಅವಳು ಅಮ್ಮನ ಫೋನು ಎತ್ತಲಿಲ್ಲ. ಅತ್ತಿಗೆಯೂ ಹಟಮಾರಿ, ಹೋಗಿ ಕಾಲು ಹಿಡಿಯುವ ಜಾತಿಯಲ್ಲ. ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಎನ್ನುತ್ತಾ ಇರುವಾಗ ಗಂಟಲು ನೋವು ಕಾಣಿಸಿಕೊಂಡಿತು. ಪರೀಕ್ಷೆ ಮಾಡಿದ ವೈದ್ಯರು ಕ್ಯಾನ್ಸರ್ ಎಂದರು. ಜೀವ ಉಳಿಸಲು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಕತ್ತಿನ ಕುಳಿಯಿಂದ ಉಸಿರು ಬರುತ್ತದೆ, ಬಾಯಿಯಿಂದ ಏನೂ ಬರುವುದಿಲ್ಲ.

ನಿಲ್ದಾಣದವರು ಹೊಸ ಯಂತ್ರ, ಹೊಸ ಧ್ವನಿ ತಂದುಕೊಂಡರು. ಹಳೆಯ ಕಂಪ್ಯೂಟರು ಗುಜರಿಗೆ ಹೋಗುವುದರಲ್ಲಿತ್ತು. ಇವರು ಹೋಗಿ ಕೇಳಿ ಅದನ್ನು ಮನೆಗೆ ತಂದರು. ಆ ದಿನ ನನಗೆ ನನ್ನ ಗಂಡನ ಬಗ್ಗೆ ಎಷ್ಟು ಹೆಮ್ಮೆಯಾಯಿತೆಂದರೆ, ನಲ್ಲಿಯ ವಿಷಯವನ್ನೇ ಮರೆತೆ. ಮುಂದಿನ ಕೋಣೆಯ ಮೇಜಿನ ಮೇಲೆ ಯಂತ್ರ ಕೂರಿಸಿ, ಎರಡು ಸ್ಪೀಕರ್ ಹಚ್ಚಿ, ಎಲ್ಲಕ್ಕಿಂತ ಮೊದಲು ರಿಜಿಸ್ಟ್ರಿಯ ಬ್ಯಾಕಪ್ ತೆಗೆದರು. "ಅಕ್ಕಾ, ಇನ್ನು ಏನೇ ಆದ್ರೂ ಚಿಂತೆಯಿಲ್ಲ" ಎಂದರು. ಆ ಕಾಪಿಯಲ್ಲಿದ್ದದ್ದು ನಿಲ್ದಾಣದ ವಾಕ್ಯಗಳು. ಅದಾದ ಮೇಲೆ ಅವರು ಮತ್ತೊಂದು ಕಾಪಿ ತೆಗೆಯಲಿಲ್ಲ. ಗಿರಾಕಿಗಳ ಯಂತ್ರಗಳಿಗೆ ವಾರ ತಪ್ಪದೆ ತೆಗೆಯುತ್ತಿದ್ದರು.

ಅತ್ತಿಗೆ ಆ ಯಂತ್ರದಲ್ಲಿ ಮಾತಾಡಲು ಕೂತರು. ಬಸ್ಸಿನವರ ಪದಗಳಲ್ಲಿ ಸಂಸಾರದ ಮಾತು ಆಡಬೇಕಿತ್ತು. ಊಟಕ್ಕೆ ಕರೆಯುವಾಗ "ಊಟಕ್ಕಾಗಿ ಇಪ್ಪತ್ತು ನಿಮಿಷ ನಿಲುಗಡೆ" ಎನ್ನುತ್ತಿದ್ದರು. ಇವರು ಅಂಗಡಿಯಿಂದ ಬರುವುದು ಹೊತ್ತಾದರೆ "ತಡವಾಗಿ ಆಗಮಿಸಿದೆ, ಅನನುಕೂಲಕ್ಕಾಗಿ ವಿಷಾದಿಸುತ್ತೇವೆ." ಹರಟೆಗೆ ಬಂದು ಏಳದೆ ಕೂತ ಎದುರುಮನೆಯಾಕೆಗೆ "ಹೊರಡುವ ಸಮಯವಾಗಿದೆ" ಎಂದು ಒತ್ತಿಬಿಟ್ಟರು, ಆಕೆ ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕು, ಇದನ್ನೆಲ್ಲ ಪುಟ್ಟಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅವಳು ನನ್ನೊಂದಿಗೆ ಮಾತು ಬಿಟ್ಟಿರಲಿಲ್ಲ. ಅಮ್ಮನ ನಾಲಿಗೆ ಯಂತ್ರದೊಳಗೆ ಹೋಗಿ ಕೂತ್ರೂ ಬದಲಾಗ್ಲಿಲ್ಲ ಎಂದು ಅವಳೂ ಒಂದು ಸಲ ನಕ್ಕಿದ್ದಳು.

ಆ ನಗುವಿನ ಎಳೆ ಹಿಡಿದುಕೊಂಡು ನಾನು ಅವಳನ್ನು ಕೇಳಿದೆ, ಅಮ್ಮ ಒಂದು ಕಾಗದ ಬರೆದುಕೊಟ್ಟರೆ ಓದುತ್ತೀಯಾ ಎಂದು. ಅವಳ ಧ್ವನಿ ಗಟ್ಟಿಯಾಯಿತು.

"ಬರೆದದ್ದು ಬೇಡ ಅತ್ತೆ. ಅವತ್ತು ಬಾಯಲ್ಲಿ ಹೇಳಿದ್ದು ತಾನೇ? ಬಾಯಲ್ಲೇ ವಾಪಸ್ ತಗೋಬೇಕು."

ಆ ಬಾಯೇ ಇಲ್ಲವಲ್ಲೇ ಎಂದೆ. ಅದು ತನಗೂ ಗೊತ್ತು ಎಂದಳು. ಅವಳನ್ನು ಕಲ್ಲೆದೆಯವಳು ಎನ್ನಲು ನನಗೆ ಬಾಯಿ ಬರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಆ ಮಾತು ಕೇಳಿಸಿಕೊಂಡವಳು ಅವಳು, ನಾನಲ್ಲ.

ಅವಳು ಹೇಳಿದ್ದನ್ನು ಅತ್ತಿಗೆಗೆ ಹೇಳಿದೆ. ಅವರು ನೇರ ಹೋಗಿ ಕಂಪ್ಯೂಟರಿನ ಮುಂದೆ ಕೂತರು. ಅವತ್ತಿನಿಂದ ದಿನವೂ ಕೂತರು. ಸಾವಿರಾರು ತುಂಡುಗಳನ್ನು ಒಂದೊಂದೇ ಕೇಳುತ್ತಾ ಹೋದರು. "ಮಗು" ಸುಲಭವಾಗಿ ಸಿಕ್ಕಿತು, ಕಳೆದುಹೋದ ಮಕ್ಕಳ ಪ್ರಕಟಣೆಗಳಲ್ಲಿ ಅದು ಬೇಕಾದಷ್ಟಿತ್ತು. "ಮಾತು" ಸಿಕ್ಕಿದ್ದು ಅಪರಿಚಿತರ ಮಾತು ನಂಬಬೇಡಿ ಎಂಬುದರಲ್ಲಿ. "ತಪ್ಪು" ಎಂಬುದನ್ನು ಬಾಗಿಲಲ್ಲಿ ನಿಂತು ಪ್ರಯಾಣಿಸುವುದು ತಪ್ಪು ಎಂಬುದರಿಂದ ಕತ್ತರಿಸಿಕೊಂಡರು. "ವಾಪಸ್ ಪಡೆಯಬೇಕು" ಟಿಕೆಟಿನ ಹಣದ ಪ್ರಕಟಣೆಯಲ್ಲಿತ್ತು. ಸಿಗದೆ ಸತಾಯಿಸಿದ್ದು "ನಾನು". ಬಸ್ ನಿಲ್ದಾಣದ ಮೈಕಿನಲ್ಲಿ ಯಾರೂ ನಾನು ಎನ್ನುವುದಿಲ್ಲ. ಅಷ್ಟು ವರ್ಷ ಊರಿಗೆಲ್ಲ ಮಾತಾಡಿದ ಹೆಂಗಸು ಒಂದು ಸಲವೂ ನಾನು ಅಂದಿರಲಿಲ್ಲ. ಕೊನೆಗೆ ಒಂದು ಹಳೆಯ ತುಂಡಿನ ಆರಂಭದಲ್ಲಿ ಅದು ಸಿಕ್ಕಿತು. ರೆಕಾರ್ಡ್ ಮಾಡುವವನಿಗೆ "ನಾನು ರೆಡಿ" ಎಂದದ್ದನ್ನು ಅವನು ಕತ್ತರಿಸಲು ಮರೆತಿದ್ದ. ಸಿಕ್ಕಿದ ದಿನ ಅತ್ತಿಗೆ ಅಡುಗೆಮನೆಗೆ ಓಡಿಬಂದು ನನ್ನ ಭುಜ ಹಿಡಿದು ಅಲುಗಿಸಿದರು. ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು.

ಎಲ್ಲ ಜೋಡಿಸಿಯಾದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದರು. ಕೀಬೋರ್ಡಿನ ಅತಿ ಉದ್ದದ ಕೀ ಒತ್ತಿದರು.

"ಮಗು. ಆ ಮಾತು ತಪ್ಪು. ನಾನು ವಾಪಸ್ ಪಡೆಯಬೇಕು. ದಯವಿಟ್ಟು ಕ್ಷಮಿಸಿ."

ಪದಪದಕ್ಕೂ ಸ್ವರ ಬೇರೆ. ಒಂದು ಎತ್ತರ, ಒಂದು ತಗ್ಗು, ಒಂದರ ಹಿಂದೆ ಬಸ್ಸಿನ ಹಾರ್ನು. ಹೆತ್ತ ಮಗಳನ್ನು ಬಹುವಚನದಲ್ಲಿ ಕ್ಷಮಿಸಿ ಎಂದು ಕೇಳುವ ತಾಯಿಯನ್ನು ನಾನು ನೋಡಿರಲಿಲ್ಲ, ಆದರೆ ಏಕವಚನದ ಕ್ಷಮೆ ಆ ಯಂತ್ರದಲ್ಲಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಇನ್ನೊಂದು ಸಲ ಕೇಳಿಸಿ ಎಂದೆ. ಅತ್ತಿಗೆ ತಲೆ ಅಲ್ಲಾಡಿಸಿದರು. ಆ ಮಾತು ನನಗಲ್ಲ, ಖರ್ಚು ಮಾಡುವ ಹಾಗಿಲ್ಲ ಎನ್ನುವಂತೆ ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿದರು.

ನಾನು ಪುಟ್ಟಿಗೆ ಫೋನು ಮಾಡಿ ಬಾ ಎಂದೆ. ಅಮ್ಮ ತಮ್ಮ ಧ್ವನಿಯಲ್ಲೇ ಹೇಳುತ್ತಾರೆ, ಬಂದು ಕೇಳಿಸಿಕೊಂಡು ಹೋಗು ಎಂದೆ. ಅವಳು ರಜೆ ಸಿಕ್ಕ ದಿನ ಬರುತ್ತೇನೆ ಎಂದಳು.

ಅವಳು ಬರುವ ಹಿಂದಿನ ದಿನ ಕರೆಂಟು ಹೋಗಿ ಬಂದು, ಹೋಗಿ ಬಂದು ಆಟವಾಡಿತು. ಆಮೇಲೆ ಯಂತ್ರ ಹಾಕಿದರೆ ನೀಲಿ ಪರದೆ, ಅದರ ಮೇಲೆ ಬಿಳಿ ಅಕ್ಷರ, ಮುಂದಕ್ಕೆ ಹೋಗದು. ಇವರು ಬಂದು ನೋಡಿ, ರಿಜಿಸ್ಟ್ರಿ ಕೆಟ್ಟಿದೆ, ಅಂಗಡಿಗೆ ಒಯ್ದು ಸರಿಮಾಡಿ ತರುತ್ತೇನೆ ಎಂದು ವೈರು ಕಿತ್ತರು. ಅತ್ತಿಗೆ ಅವರ ತೋಳು ಹಿಡಿದುಕೊಂಡರು. ಎದೆ ಮುಟ್ಟಿ ತೋರಿಸಿದರು, ಗಾಳಿಯಲ್ಲಿ ಕೀ ಒತ್ತಿ ತೋರಿಸಿದರು.

"ಅಕ್ಕಾ, ಎಲ್ಲಾ ನನ್ನ ಹತ್ರ ಇದೆ. ನೀನು ಸುಮ್ನಿರು" ಎಂದರು ನಮ್ಮವರು.

ಮಾತು ಹೋದವಳಿಗೆ ಸುಮ್ಮನಿರು ಎಂದದ್ದು ಅವರಿಗೆ ಗೊತ್ತೂ ಆಗಲಿಲ್ಲ. ಅತ್ತಿಗೆ ಪೆನ್ನು ಹುಡುಕಲು ಒಳಗೆ ಹೋದರು. ಪೆನ್ನು ಸಿಗುವಷ್ಟರಲ್ಲಿ ಸ್ಕೂಟರು ಬೀದಿ ದಾಟಿತ್ತು. ನಮ್ಮ ಮನೆಯಲ್ಲಿ ಆಗಲೇ ಒಂದು ಅಭ್ಯಾಸ ಬೆಳೆದುಬಿಟ್ಟಿತ್ತು. ಅತ್ತಿಗೆಯನ್ನು ಕೇಳುವುದೆಲ್ಲ ಹೌದಾ, ಅಲ್ಲವಾ ಎನ್ನುವಂಥದ್ದೇ, ತಲೆ ಆಡಿಸಿದರೆ ಮುಗಿಯಬೇಕು. ಅವರು ಬರೆದು ಮುಗಿಸುವವರೆಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ, ಅವರ ತಮ್ಮನಿಗಂತೂ ಇರಲೇ ಇಲ್ಲ.

ಅತ್ತಿಗೆ ಬರೆದದ್ದನ್ನು ನಾನು ಫೋನಿನಲ್ಲಿ ಇವರಿಗೆ ಓದಿದೆ. ಅದರಲ್ಲಿ ನನ್ನ ಮಾತುಗಳಿವೆ, ಜೋಪಾನ, ಎಂದಿತ್ತು. ಇವರು ಆಗಲೇ ಯಂತ್ರದ ಹೊಟ್ಟೆ ಬಿಚ್ಚಿ ನೋಡಿದ್ದರಂತೆ. ಧ್ವನಿಯ ತುಂಡುಗಳೆಲ್ಲ ಭದ್ರವಾಗಿವೆ, ಒಂದೂ ಹೋಗಿಲ್ಲ, ಅಕ್ಕನಿಗೆ ನೆಮ್ಮದಿಯಾಗಿ ಮಲಗಲು ಹೇಳು ಎಂದರು. ಅದನ್ನು ಕೇಳಿ ನಮ್ಮಿಬ್ಬರಿಗೂ ಹೋದ ಜೀವ ಬಂದಂತಾಯಿತು. ಜೋಡಣೆಯೆಲ್ಲ ಇರುವುದು ರಿಜಿಸ್ಟ್ರಿಯಲ್ಲಿ ಎಂದು ನನಗೇನು ಗೊತ್ತು? ಊರಿಗೆಲ್ಲ ಡಬ್ಬದ ಕಥೆ ಹೇಳಿದವರು ಅವರು. ಡಬ್ಬಗಳೆಲ್ಲ ಇವೆ ಎಂದು ನೋಡಿ ಸಮಾಧಾನಪಟ್ಟುಕೊಂಡವರೂ ಅವರೇ.

ಅಂಗಡಿಯಲ್ಲಿ ಗಿರಾಕಿಗಳು ಕಾದು ನಿಂತಿದ್ದರಂತೆ. ಅಕ್ಕನ ಯಂತ್ರ, ಸ್ವಂತ ಕೈಯಾರೆ ತೆಗೆದ ಕಾಪಿ, ಇದಕ್ಕೆಂಥ ವಿಚಾರಣೆ ಎಂದುಕೊಂಡರಂತೆ. ಕೆಟ್ಟದ್ದನ್ನು ಎತ್ತಿಡಲಿಲ್ಲ. ಅದರ ಮೇಲೇ ಹಳೆಯದನ್ನು ಕೂರಿಸಿದರು. ಯಂತ್ರ ಎದ್ದಿತು.

ಮರುದಿನ ಪುಟ್ಟಿ ಬರುವ ಹೊತ್ತಾಗುತ್ತಿದ್ದಂತೆ ಇವರು ಯಂತ್ರ ತಂದರು. ಅವಸರದಲ್ಲಿ ವೈರು ಸಿಕ್ಕಿಸಿ, ಮೂಲೆಯ ಒಂದು ಕೀ ಒತ್ತಿದರು. "ದಯವಿಟ್ಟು ಕಾಯಿರಿ" ಎಂದಿತು ಅತ್ತಿಗೆಯ ಧ್ವನಿ. "ನೋಡಕ್ಕಾ, ಎಲ್ಲಾ ಮೊದಲಿನ ಹಾಗೇ ಇದೆ" ಎಂದರು. ಅತ್ತಿಗೆ ತಮ್ಮನ ತಲೆಯ ಮೇಲೆ ಕೈಯಿಟ್ಟರು. ಇವರು ಸಂಕೋಚದಿಂದ ನಕ್ಕು, ಗಿರಾಕಿ ಕಾಯುತ್ತಿದ್ದಾರೆ ಎಂದು ಹೊರಟುಹೋದರು. ಅಕ್ಕ ಅವರನ್ನು ಮುಟ್ಟಿದ್ದು ಅದೇ ಕೊನೆ.

ಪುಟ್ಟಿ ಬಂದಳು. ತೆಳ್ಳಗಾಗಿದ್ದಳು. ಕುರ್ಚಿಯ ತುದಿಯಲ್ಲಿ ಕೂತು ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಕೆಳಗಿಡಲಿಲ್ಲ. ಅತ್ತಿಗೆ ತಲೆ ಬಾಚಿ, ಕತ್ತಿನ ಕುಳಿ ಕಾಣದಂತೆ ತೆಳು ಬಟ್ಟೆ ಸುತ್ತಿಕೊಂಡಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ತಂದಿಟ್ಟ ಚಹಾ ಹಾಗೇ ಆರಿತು. ಅತ್ತಿಗೆ ಮೇಜಿನ ಹತ್ತಿರ ಹೋಗಿ ಬಟ್ಟೆ ಸರಿಸಿ, ಮಗಳ ಕಡೆ ತಿರುಗಿ, ಅವಳ ಕಣ್ಣನ್ನೇ ನೋಡುತ್ತಾ ಉದ್ದದ ಕೀ ಒತ್ತಿದರು.

"ಪ್ರಯಾಣಿಕರಲ್ಲದವರು ದಯವಿಟ್ಟು ಹೊರಗೆ ಹೋಗಬೇಕು."

ಹತ್ತಾರು ವರ್ಷದ ಹಿಂದಿನ, ರೋಗ ಮುಟ್ಟದ, ಗಂಟೆ ಬಾರಿಸಿದಂಥ ಧ್ವನಿ. ಪುಟ್ಟಿ ಅಲುಗಲಿಲ್ಲ. ಅತ್ತಿಗೆ ಯಂತ್ರದ ಕಡೆ ತಿರುಗಿ ಇನ್ನೊಮ್ಮೆ ಒತ್ತಿದರು. ಹೊರಗೆ ಹೋಗಬೇಕು ಎಂದಿತು. ಮತ್ತೊಮ್ಮೆ ಒತ್ತಿದರು. ಮತ್ತೆ ಅದೇ. ಆಮೇಲೆ ಸಿಕ್ಕ ಸಿಕ್ಕ ಕೀಗಳನ್ನೆಲ್ಲ ಎರಡೂ ಕೈಯಿಂದ ಬಡಿದರು. ಅಂಕಣ, ಆಗಮಿಸಿದೆ, ರದ್ದಾಗಿದೆ, ನಿಮ್ಮ ಸಾಮಾನುಗಳಿಗೆ ನೀವೇ ಜವಾಬ್ದಾರರು, ಒಂದರ ಮೇಲೊಂದು ಬಿದ್ದವು. ಅವರು ಕಟ್ಟಿಕೊಂಡ ಒಂದು ಮಾತೂ ಅದರಲ್ಲಿರಲಿಲ್ಲ.

ಪುಟ್ಟಿ ಎದ್ದು ನಿಂತಳು.

"ಇದನ್ನ ಕೇಳಿಸೋಕೆ ಕರೆಸಿದ್ಯಾ ಅಮ್ಮಾ?"

ಅತ್ತಿಗೆ ಬಾಯಿ ತೆರೆದರು. ಕತ್ತಿನ ಬಟ್ಟೆ ಅದುರಿತು, ಬರೀ ಗಾಳಿ ಬಂತು. ಪೆನ್ನಿಗೆ ಕೈ ಚಾಚಿ ಹಳೆಯ ಪೇಪರಿನ ಅಂಚಿನಲ್ಲಿ ಏನೋ ಗೀಚತೊಡಗಿದರು. ನಾನು ಅಡ್ಡ ಹೋಗಿ ನಿಂತು, ಯಂತ್ರ ಕೆಟ್ಟಿತ್ತು ಕಣೇ, ನಿಮ್ಮ ಮಾವ ಸರಿಮಾಡುವಾಗ ಏನೋ ಎಡವಟ್ಟಾಗಿದೆ, ನಿಜವಾಗಿಯೂ ಬೇರೆ ಮಾತಿತ್ತು, ನಾನೇ ಕೇಳಿದ್ದೇನೆ ಎಂದು ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡಳು, ಒರಟಾಗಿ ಅಲ್ಲ. ಎದುರುಮನೆಯಾಕೆಯ ಕಥೆ ನೀವೇ ಹೇಳಿದ್ದಿರಲ್ಲ ಅತ್ತೆ ಎಂದಳು. ಧ್ವನಿ ಚೆನ್ನಾಗೇ ಇತ್ತಲ್ಲ, ಕೆಟ್ಟ ಯಂತ್ರ ಅಷ್ಟು ಸ್ಪಷ್ಟವಾಗಿ ಮಾತಾಡುತ್ತದಾ ಎಂದಳು. ಅಮ್ಮ ಚಾಚಿದ ಪೇಪರನ್ನು ಮುಟ್ಟದೆ, ಬರೆದದ್ದು ಬೇಡ ಎಂದಿದ್ದೆನಲ್ಲ ಎಂದು ಚಪ್ಪಲಿ ಮೆಟ್ಟಿಕೊಂಡಳು. ಅತ್ತಿಗೆ ಬಾಗಿಲವರೆಗೆ ಬಂದರು. ಹೆಸರು ಹಿಡಿದು ಕೂಗಿದ್ದರೆ ಅವಳು ನಿಲ್ಲುತ್ತಿದ್ದಳೋ ಏನೋ. ಕೂಗಲು ಏನಿತ್ತು ಅವರಲ್ಲಿ?

ನಾನು ಅಂಗಡಿಗೆ ಫೋನು ಮಾಡಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇವರು ಬಂದು ಯಂತ್ರದ ಮುಂದೆ ಕೂತು ಒಂದೊಂದೇ ಕೀ ಒತ್ತಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ಕಿವಿ ಕೆಂಪಾಯಿತು. "ಕೆಟ್ಟದ್ದನ್ನ ಎತ್ತಿಟ್ಕೊಂಡಿದ್ದಿದ್ರೆ" ಎಂದರು. ವಾಕ್ಯ ಮುಗಿಸಲಿಲ್ಲ. ಅಳಿಸಿದ್ದನ್ನು ಹೆಕ್ಕುವ ಪ್ರೋಗ್ರಾಮುಗಳನ್ನೆಲ್ಲ ಹಾಕಿ ನೋಡಿದರು. ಬೇರೆಯವರ ಎಷ್ಟೋ ಕಳೆದುಹೋದ ಫೋಟೋಗಳನ್ನು ಎಬ್ಬಿಸಿದ ಕೈ ಅದು. ಅಕ್ಕನ ನಾಲ್ಕು ವಾಕ್ಯ ಏಳಲಿಲ್ಲ. ಅತ್ತಿಗೆ ತಾವೇ ಬಂದು ಪ್ಲಗ್ಗು ಕಿತ್ತರು. ತಮ್ಮನ ಮುಖವನ್ನು ನೋಡಲಿಲ್ಲ, ಯಂತ್ರವನ್ನೂ ನೋಡಲಿಲ್ಲ. ಆಮೇಲೆ ಅದರ ಮುಂದೆ ಕೂರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಈಗ ಚಮಚದಿಂದ ತಟ್ಟೆ ಕುಟ್ಟುತ್ತಾರೆ.

ಇವರು ಸುಮ್ಮನಿರಬೇಕಿತ್ತು. ಇಲ್ಲವೇ ಹೋಗಿ ಅಕ್ಕನ ಪಕ್ಕ ಕೂತು, ಏನು ಮಾಡಲಿ ಹೇಳು ಎಂದು, ಅವರು ಬರೆದು ಮುಗಿಸುವವರೆಗೆ ಕಾಯಬೇಕಿತ್ತು. ಎರಡನ್ನೂ ಮಾಡಲಿಲ್ಲ. ನನ್ನ ಹತ್ತಿರ ಬಂದು, ಆ ವಾಕ್ಯ ನೀನು ಕೇಳಿದ್ದೀಯಲ್ಲ, ಏನಿತ್ತು ಹೇಳು ಎಂದರು. ನಾನು ಹೇಳಿದೆ. ಯಂತ್ರವನ್ನು ಅಂಗಡಿಗೆ ಒಯ್ದು ಪದಗಳನ್ನು ಹುಡುಕಿದರು. ಗಿರಾಕಿಗಳನ್ನು ವಾಪಸ್ ಕಳಿಸಿ, ಅರ್ಧ ಬಾಗಿಲು ಎಳೆದುಕೊಂಡು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿರುತ್ತಿದ್ದರು ಎಂದು ಝೆರಾಕ್ಸಿನವನು ಹೇಳಿದ. ಆ "ನಾನು" ಸಾವಿರಾರು ತುಂಡುಗಳಲ್ಲಿ ಯಾವುದರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ, ಅಕ್ಕನನ್ನು ಅವರು ಕೇಳಲಿಲ್ಲ. ಪ್ರತಿ ತುಂಡನ್ನೂ ಕೇಳಿ ಕೇಳಿ ಅವರೂ ಅದನ್ನು ಕಂಡುಹಿಡಿದರು. ಮೊದಲಿದ್ದ ಹಾಗೇ ಜೋಡಿಸಿದರು. ಹಾರ್ನಿನ ಸದ್ದನ್ನು ತೆಗೆದರು, ಸ್ವರದ ಏರುಪೇರು ಸರಿಮಾಡಿದರು. ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ನನ್ನ ಫೋನಿಗೆ ಹಾಕಿಕೊಟ್ಟು, ಪುಟ್ಟಿಗೆ ಕಳಿಸು ಎಂದರು.

ಅತ್ತಿಗೆಗೆ ಕೇಳಿಸೋಣ ಮೊದಲು ಎಂದೆ. ಬೇಡ, ಅವಳು ಬಂದು ಬಾಗಿಲಲ್ಲಿ ನಿಂತ ಮೇಲೆ ಅಕ್ಕನಿಗೆ ಗೊತ್ತಾದರೆ ಸಾಕು ಎಂದರು. ಆ ಹೊತ್ತಿನಲ್ಲಿ ನನಗೆ ಅವರನ್ನು ಕಂಡು ಅಯ್ಯೋ ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಕಳಿಸಿದೆ.

ಪುಟ್ಟಿ ಆ ಸಂಜೆಯೇ ಫೋನು ಮಾಡಿದಳು. ಇವರು ನನ್ನೆದುರಿಗೇ ನಿಂತಿದ್ದರು. ಒಳಗೆ ಅತ್ತಿಗೆ ತಟ್ಟೆ ತೊಳೆಯುವ ಸದ್ದು ಬರುತ್ತಿತ್ತು. ಕೇಳಿದೆಯಾ ಪುಟ್ಟಿ ಎಂದೆ. ಕೇಳಿದೆ ಎಂದಳು. ಇದು ಅಮ್ಮನಿಗೆ ಗೊತ್ತಾ ಎಂದು ವಿಚಾರಿಸಿದಳು. ಇನ್ನೂ ಇಲ್ಲ, ಮಾವ ಜೋಡಿಸಿದ್ದು ಎಂದೆ.

"ಅಮ್ಮ ಹೇಳಿದ್ದು ನಾನು ಬಂದ ದಿನಾನೇ ಕೇಳಿಸ್ಕೊಂಡೆ ಅತ್ತೆ. ಇದು ಮಾವ ಹೇಳ್ಸಿದ್ದು."

ಅಷ್ಟು ಹೇಳಿ ಅವಳು ಫೋನು ಇಟ್ಟಳು. ಇವರು ಹತ್ತಿರ ಬಂದು, ಪದಗಳೆಲ್ಲ ಸರಿಯಾಗಿ ಕೇಳಿಸಿದವಂತಾ ಎಂದು ಕೇಳಿದರು. ಕೇಳಿಸಿದವಂತೆ ಎಂದೆ.